ಮನೆಮಂದಿಯೊಡನೆ ಆಟಿಕೆಗಳ ಸಂಗ್ರಹಾಲಯಕ್ಕೆ ಹೋಗುವಾಗ

ಆಟಿಕೆಗಳ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಮೊದಲೇ ಗಮನಿಸಬೇಕಾದ ಒಂದು ಸಂಗತಿಯಿದೆ. ಅಲ್ಲಿರುವ ಪ್ರತಿಯೊಂದು ವಸ್ತುವೂ ಮಕ್ಕಳ ಕೈಗೆಂದೇ ತಯಾರಾದದ್ದು. ಈಗ ಮಾತ್ರ ಅದು ಗಾಜಿನ ಆಚೆಗಿದೆ. ನಾಣ್ಯಗಳನ್ನೋ ವರ್ಣಚಿತ್ರಗಳನ್ನೋ ನೋಡುವಾಗ ಮಗುವಿಗೆ ಈ ಸಂಕಟ ಇರುವುದಿಲ್ಲ. ಕೀಲಿ ಕೊಟ್ಟರೆ ಓಡುವ ರೈಲು ಕಣ್ಣೆದುರಿಗೇ ಇದ್ದು, ಅದನ್ನು ಓಡಿಸುವಂತಿಲ್ಲ ಎಂದಾಗ ಐದು ವರ್ಷದ ಮಗು ಹಟ ಹಿಡಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದ್ದರಿಂದ ಮುಟ್ಟಬಾರದು ಎಂಬ ನಿಯಮವನ್ನು ಬಾಗಿಲಲ್ಲಿ ಹೇಳುವುದಕ್ಕಿಂತ, ಅದರ ಕಾರಣವನ್ನು ಮನೆಯಲ್ಲೇ ವಿವರಿಸಿ ಹೊರಡುವುದು ಮೇಲು.

ಕಾರಣಗಳು ಮಕ್ಕಳಿಗೆ ಅರ್ಥವಾಗುವಂಥವೇ. ಕೈಬೆವರಿನಲ್ಲಿರುವ ಉಪ್ಪು ತಗಡಿಗೆ ತುಕ್ಕು ಹಿಡಿಸುತ್ತದೆ. ಬಟ್ಟೆ ಮತ್ತು ಕಾಗದದ ಬಣ್ಣ ಬೆಳಕಿಗೆ ಮಾಸುತ್ತದೆ. ಇಂಥ ವಸ್ತುಗಳಿಗೆ ಸಾಮಾನ್ಯವಾಗಿ ಸುಮಾರು 50 ಲಕ್ಸ್ (ಬೆಳಕಿನ ಪ್ರಮಾಣವನ್ನು ಅಳೆಯುವ ಮಾನ) ಬೆಳಕನ್ನಷ್ಟೇ ಕೊಡುವುದರಿಂದ ಕೋಣೆ ಮಬ್ಬಾಗಿರುತ್ತದೆ, ಮತ್ತು ಕ್ಯಾಮೆರಾದ ಫ್ಲ್ಯಾಶ್ ಬಳಸಲು ಅನುಮತಿ ಇರುವುದಿಲ್ಲ. ಸೆಲ್ಯುಲಾಯ್ಡ್ ಎಂಬ ಆರಂಭಕಾಲದ ಪ್ಲಾಸ್ಟಿಕ್ಕಿನ ಹಳೆಯ ಗೊಂಬೆಗಳು ಬಹು ಬೇಗ ಬೆಂಕಿ ಹತ್ತಿಕೊಳ್ಳುವಂಥವು. 1930ರ ದಶಕದಲ್ಲಿ ಸತುವಿನ ಮಿಶ್ರಲೋಹದಿಂದ ಎರಕ ಹೊಯ್ದ ಕೆಲವು ಕಾರುಗಳು, ಲೋಹದಲ್ಲಿ ಸೀಸದ ಕಲ್ಮಶ ಸೇರಿದ್ದರಿಂದ, ಯಾರೂ ಮುಟ್ಟದಿದ್ದರೂ ಒಳಗಿಂದೊಳಗೆ ಬಿರುಕುಬಿಟ್ಟು ಪುಡಿಯಾಗುತ್ತವೆ. ಆಟಿಕೆಗೂ ಮುಪ್ಪು ಬರುತ್ತದೆ ಎಂದು ತಿಳಿದ ಮಗು ಗಾಜಿನ ಕಪಾಟನ್ನು ಶಿಕ್ಷೆಯೆಂದು ನೋಡುವುದಿಲ್ಲ.

ಹೊರಡುವ ಮುನ್ನ ವಿಚಾರಿಸಬೇಕಾದದ್ದು ಹೆಚ್ಚಿಲ್ಲ. ಇಂಥ ಸಂಗ್ರಹಾಲಯಗಳಲ್ಲಿ ಹಲವು, ಒಬ್ಬ ಸಂಗ್ರಾಹಕರ ಆಸಕ್ತಿಯಿಂದ ಹುಟ್ಟಿ ಕೆಲವೇ ಜನರ ದುಡಿಮೆಯಿಂದ ನಡೆಯುವಂಥವಾದ್ದರಿಂದ ವಾರದ ಎಲ್ಲ ದಿನವೂ ತೆರೆದಿರುತ್ತವೆಂದು ಭಾವಿಸಬಾರದು. ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ಅದೇ ಕರೆಯಲ್ಲಿ ಕೊನೆಯ ಪ್ರವೇಶದ ಸಮಯ, ಶಾಲೆಯ ಮಕ್ಕಳ ತಂಡಗಳು ಬರುವ ಹೊತ್ತು, ಗಾಲಿಕುರ್ಚಿಗೂ ಮಕ್ಕಳ ತಳ್ಳುಗಾಡಿಗೂ ದಾರಿ ಇದೆಯೇ ಎಂಬುದನ್ನೂ ಕೇಳಬಹುದು. ಮರೆಯದೆ ಕೇಳಬೇಕಾದ ಇನ್ನೊಂದು ಪ್ರಶ್ನೆಯೆಂದರೆ, ಆಟಿಕೆಗಳನ್ನು ಓಡಿಸಿ ತೋರಿಸುವ ವೇಳೆ ಇದೆಯೇ ಎಂಬುದು. ರೈಲು ಮಾದರಿಗಳನ್ನೂ ಕೀಲಿ ಕೊಡುವ ಬೊಂಬೆಗಳನ್ನೂ ದಿನದ ನಿಗದಿತ ಹೊತ್ತಿನಲ್ಲಿ ನಡೆಸಿ ತೋರಿಸುವ ಕಡೆ, ಇಡೀ ಭೇಟಿಯನ್ನು ಆ ಹೊತ್ತಿನ ಸುತ್ತ ಜೋಡಿಸಿಕೊಳ್ಳಬೇಕು.

ಒಳಗೆ ಹೋದ ಮೇಲೆ ಎಲ್ಲವನ್ನೂ ನೋಡಿ ಮುಗಿಸಬೇಕೆಂಬ ಹಂಬಲವನ್ನು ಬಿಡುವುದೇ ನನ್ನ ಮುಖ್ಯ ಸಲಹೆ. ಸಾವಿರಾರು ಪುಟ್ಟ ವಸ್ತುಗಳು ಒತ್ತೊತ್ತಾಗಿ ಕುಳಿತಿರುವ ಕಪಾಟುಗಳ ಮುಂದೆ ಅರ್ಧ ಗಂಟೆ ನಡೆದರೆ ದೊಡ್ಡವರ ಕಣ್ಣೇ ದಣಿಯುತ್ತದೆ. ಒಂದು ಸುತ್ತು ಬೇಗನೆ ಹಾಕಿ, ಮನೆಯ ಪ್ರತಿಯೊಬ್ಬರೂ ತಮಗೆ ಬೇಕಾದ ಒಂದೊಂದು ವಸ್ತುವನ್ನು ಆರಿಸಿಕೊಳ್ಳಲಿ. ಎರಡನೆಯ ಸುತ್ತಿನಲ್ಲಿ ಎಲ್ಲರೂ ಸೇರಿ ಆ ಕೆಲವೇ ವಸ್ತುಗಳ ಮುಂದೆ ನಿಂತು ನೋಡಲಿ. ಸಣ್ಣ ಮಕ್ಕಳೊಡನೆ ಮೊಣಕಾಲೂರಿ ಕುಳಿತು ಅವರ ಎತ್ತರದಿಂದ ನೋಡಿದರೆ, ನಿಂತವರಿಗೆ ಕಾಣದ ಎಷ್ಟೋ ವಿವರಗಳು ಕಾಣುತ್ತವೆ.

ಉದಾಹರಣೆಗೆ ತಗಡಿನ ಆಟಿಕೆಯನ್ನು ತೆಗೆದುಕೊಳ್ಳೋಣ. ಬಣ್ಣದ ಚಿತ್ರವನ್ನು ಮೊದಲು ಚಪ್ಪಟೆ ತಗಡಿನ ಮೇಲೆ ಅಚ್ಚೊತ್ತಿ, ಆಮೇಲೆ ಕತ್ತರಿಸಿ ಬಗ್ಗಿಸಿ, ಅಂಚಿನ ಸಣ್ಣ ನಾಲಗೆಗಳನ್ನು ಎದುರಿನ ಸೀಳುಗಳಲ್ಲಿ ತೂರಿಸಿ ಮಡಚಿ ಜೋಡಿಸಿರುತ್ತಾರೆ. ಕಾರಿನ ಅಡಿಭಾಗವನ್ನು ಬಗ್ಗಿ ನೋಡಿದರೆ ಆ ಮಡಿಕೆಗಳನ್ನು ಎಣಿಸಬಹುದು. ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ ತಯಾರಾದ ಕೆಲವು ಆಟಿಕೆಗಳಲ್ಲಿ ಹಳೆಯ ಡಬ್ಬಿಗಳ ತಗಡನ್ನೇ ತಿರುಗಿಸಿ ಬಳಸಿದ್ದರಿಂದ, ಒಳಮೈಯಲ್ಲಿ ಡಬ್ಬಿಯ ಮೂಲ ಬರಹ ಉಳಿದಿರುವುದುಂಟು. ಅದೇ ಕಾಲದ ಕೆಲವು ವಸ್ತುಗಳ ಮೇಲೆ ‘ಆಕ್ರಮಿತ ಜಪಾನಿನಲ್ಲಿ ತಯಾರಿಸಿದ್ದು’ ಎಂಬ ಅರ್ಥದ ಇಂಗ್ಲಿಷ್ ಮುದ್ರೆ ಇದ್ದರೆ, ಆ ವಸ್ತು ಅಮೆರಿಕದ ನೇತೃತ್ವದ ಆಡಳಿತ ಅಲ್ಲಿದ್ದ 1945ರಿಂದ 1952ರ ನಡುವಿನದು. ಇತಿಹಾಸದ ಪಾಠವನ್ನು ಓದಲು ಬೇಸರಪಡುವ ಹುಡುಗರೂ ಈ ಒಂದು ಸಾಲನ್ನು ಹುಡುಕಲು ಕಪಾಟಿಂದ ಕಪಾಟಿಗೆ ಓಡುತ್ತಾರೆ.

ಕರಡಿ ಗೊಂಬೆಗಳ ಮುಂದೆ ನಿಂತಾಗ ಕಿವಿಯನ್ನು ನೋಡಿ. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಬೇಟೆಯ ಸಮಯದಲ್ಲಿ ಕಟ್ಟಿಹಾಕಿದ್ದ ಕರಡಿಗೆ ಗುಂಡು ಹೊಡೆಯಲು ಒಪ್ಪಲಿಲ್ಲ. ಆ ಘಟನೆಯ ವ್ಯಂಗ್ಯಚಿತ್ರದಿಂದ, ಅವರ ಅಡ್ಡಹೆಸರಾದ ‘ಟೆಡ್ಡಿ’ ಕರಡಿ ಗೊಂಬೆಗಳಿಗೂ ಹಬ್ಬಿತು. ಹೆಚ್ಚುಕಡಿಮೆ ಅದೇ ವೇಳೆಗೆ ಜರ್ಮನಿಯ ಸ್ಟೈಫ್ ಸಂಸ್ಥೆಯೂ ಕೈಕಾಲು ತಿರುಗುವ ಕರಡಿಯನ್ನು ರೂಪಿಸಿತು, ಮತ್ತು ನಕಲುಗಳಿಂದ ತನ್ನ ಗೊಂಬೆಯನ್ನು ಗುರುತಿಸಲೆಂದು 1904ರಿಂದ ಕಿವಿಗೆ ಲೋಹದ ಗುಂಡಿ ಹಾಕತೊಡಗಿತು. ಹಾಗೆಯೇ 1959ರಲ್ಲಿ ಬಂದ ಬಾರ್ಬಿಯ ಆರಂಭದ ಗೊಂಬೆಗಳಲ್ಲಿ ಕೆಲವಕ್ಕೆ ಕಿವಿಯ ಸುತ್ತ ಹಸಿರು ಕಲೆ ಇರುತ್ತದೆ. ಓಲೆಯ ಲೋಹ ಕಿಲುಬಿ ಪ್ಲಾಸ್ಟಿಕ್ಕಿಗೆ ಇಳಿದದ್ದರ ಗುರುತು ಅದು. 1953ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಚ್‌ಬಾಕ್ಸ್ ಪುಟ್ಟ ಗಾಡಿಗಳಿಗೆ ಆ ಹೆಸರು ಬಂದದ್ದು ಅವು ಬೆಂಕಿಪೊಟ್ಟಣದಂಥ ಪೆಟ್ಟಿಗೆಯಲ್ಲಿ ಮಾರಾಟವಾಗುತ್ತಿದ್ದುದರಿಂದ. ಅಂಥ ಪೆಟ್ಟಿಗೆಯೂ ಜೊತೆಯಲ್ಲಿದ್ದರೆ ಸಂಗ್ರಾಹಕರು ಅದನ್ನು ಗಾಡಿಯಷ್ಟೇ ಜೋಪಾನವಾಗಿ ಕಾಪಾಡುತ್ತಾರೆ.

ಅಜ್ಜ ಅಜ್ಜಿಯರನ್ನು ಕರೆದೊಯ್ಯಲು ಸಾಧ್ಯವಿದ್ದರೆ ಬಿಡಬೇಡಿ. ಫಲಕದಲ್ಲಿ ತಯಾರಕರ ಹೆಸರೂ ವರ್ಷವೂ ಇರುತ್ತವೆ. ಆ ಬುಗುರಿ ಯಾವ ನೆಲದಲ್ಲಿ ಚೆನ್ನಾಗಿ ತಿರುಗುತ್ತಿತ್ತು, ಕೀಲಿಯನ್ನು ಹೆಚ್ಚು ಸುತ್ತಿದರೆ ಏನಾಗುತ್ತಿತ್ತು, ಒಂದೇ ಗೊಂಬೆಗಾಗಿ ಅಕ್ಕತಂಗಿಯರು ಹೇಗೆ ಸರದಿ ಕಾಯುತ್ತಿದ್ದರು ಎಂಬುದು ಇರುವುದಿಲ್ಲ. ಹಿರಿಯರು ಒಂದು ಕಪಾಟಿನ ಮುಂದೆ ತಾವಾಗಿ ನಿಂತರೆ ಅವರನ್ನು ಅವಸರಪಡಿಸದೆ, ಮಗುವನ್ನು ಅವರ ಪಕ್ಕದಲ್ಲಿ ಬಿಟ್ಟು ಉಳಿದವರು ಸ್ವಲ್ಪ ದೂರ ಸರಿಯುವುದು ಒಳ್ಳೆಯದು. ಕುಳಿತುಕೊಳ್ಳಲು ಬೆಂಚು ಎಲ್ಲಿದೆ ಎಂಬುದನ್ನು ಮೊದಲ ಸುತ್ತಿನಲ್ಲೇ ನೋಡಿಟ್ಟುಕೊಂಡಿರಬೇಕು.

ಕೆಲವು ವಸ್ತುಗಳು ತೊಡಕಿನ ಪ್ರಶ್ನೆಗಳನ್ನು ಎಬ್ಬಿಸುತ್ತವೆ. ಕಪ್ಪು ಜನರನ್ನು ಹಾಸ್ಯಾಸ್ಪದವಾಗಿ ಚಿತ್ರಿಸಿದ ಹಳೆಯ ಆಟಿಕೆಗಳು ಪಾಶ್ಚಾತ್ಯ ಸಂಗ್ರಹಗಳಲ್ಲಿ ಇಂದಿಗೂ ಕಾಣಸಿಗುತ್ತವೆ; ಸೈನಿಕರು, ಬಂದೂಕುಗಳು ಎಲ್ಲೆಡೆ ಇವೆ. ಮಗುವಿನ ಕಣ್ಣು ತಪ್ಪಿಸಿ ಅವುಗಳನ್ನು ದಾಟಿಸುವುದು ಸರಿಯಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಇದನ್ನು ನೋಡಿದ ಆ ಜನರ ಮಕ್ಕಳಿಗೆ ಹೇಗನ್ನಿಸಿರಬಹುದು ಎಂದು ಕೇಳಿದರೆ ಎಂಟು ಹತ್ತು ವರ್ಷದ ಮಕ್ಕಳು ತಾವೇ ಉತ್ತರ ಕಂಡುಕೊಳ್ಳುತ್ತಾರೆ. ಆದರೆ ಕಣ್ಣು ಪಿಳುಕಿಸುವ ಪಿಂಗಾಣಿ ಗೊಂಬೆಗೆ ಹೆದರಿದ ಚಿಕ್ಕ ಮಗುವನ್ನು ಧೈರ್ಯ ತುಂಬುವ ಹೆಸರಿನಲ್ಲಿ ಅದರ ಹತ್ತಿರಕ್ಕೆ ಎಳೆಯಬಾರದು. ಆ ಕೋಣೆಯನ್ನು ಬಿಟ್ಟು ಮುಂದೆ ಹೋದರಾಯಿತು.

ಆಡುವ ಕೋಣೆ ಇದ್ದರೆ ಅದನ್ನು ನಡುವೆ ಇಟ್ಟುಕೊಳ್ಳಿ. ಕೊನೆಯಲ್ಲಿ ಬಹುಮಾನವಾಗಿ ಇಟ್ಟರೆ ಮಗು ಉಳಿದದ್ದನ್ನೆಲ್ಲ ಓಡಿ ಮುಗಿಸುತ್ತದೆ. ಅಲ್ಲಿ ಪ್ಲಾಸ್ಟಿಕ್ ಇಟ್ಟಿಗೆಗಳಿದ್ದರೆ, 1958ರ ಲೆಗೊ ಇಟ್ಟಿಗೆ ಇಂದಿನ ಇಟ್ಟಿಗೆಗೂ ಕೂಡಿಕೊಳ್ಳುತ್ತದೆ ಎಂದು ಹೇಳಿ; ಕಪಾಟಿನಲ್ಲಿ ಕಂಡದ್ದಕ್ಕೂ ಕೈಯಲ್ಲಿರುವುದಕ್ಕೂ ನಂಟು ಅಲ್ಲೇ ಬೆಸೆಯುತ್ತದೆ. ಮಾರಾಟ ಮಳಿಗೆಯಲ್ಲಿ ಏನನ್ನು ಕೊಳ್ಳಬಹುದು, ಎಷ್ಟರವರೆಗೆ ಎಂಬುದು ಮನೆಯಲ್ಲೇ ತೀರ್ಮಾನವಾಗಿರಲಿ. ‘ಇದಕ್ಕೆ ಈಗ ಎಷ್ಟು ಬೆಲೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಗೊತ್ತಿದ್ದರೆ ಹೇಳಬಹುದು, ಆದರೆ ಮಾತು ಅಲ್ಲಿಗೇ ನಿಲ್ಲದಿರಲಿ. ಅಮೆರಿಕದ ರಾಚೆಸ್ಟರ್ ನಗರದ ಸ್ಟ್ರಾಂಗ್ ಸಂಗ್ರಹಾಲಯವು ತನ್ನ ಆಟಿಕೆಗಳ ಗೌರವಪಟ್ಟಿಗೆ 2005ರಲ್ಲಿ ಬರಿಯ ರಟ್ಟಿನ ಪೆಟ್ಟಿಗೆಯನ್ನೂ 2008ರಲ್ಲಿ ಮರದ ಕೋಲನ್ನೂ ಸೇರಿಸಿತೆಂಬುದನ್ನು ಆಗ ನೆನಪಿಸಬಹುದು.

ಭೇಟಿಯ ನಂತರ ಮನೆಯ ಅಟ್ಟದಲ್ಲಿರುವ ಹಳೆಯ ಆಟಿಕೆಗಳನ್ನು ಹೊರತೆಗೆಯುವ ಉತ್ಸಾಹ ಸಹಜವಾಗಿ ಬರುತ್ತದೆ. ಅವುಗಳಿಗೆ ಹೊಸ ಬಣ್ಣ ಬಳಿಯಬೇಡಿ, ನೀರಿನಲ್ಲಿ ತೊಳೆಯಬೇಡಿ. ಮೃದುವಾದ ಒಣ ಕುಂಚದಿಂದ ಧೂಳು ತೆಗೆದರೆ ಸಾಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಅವುಗಳನ್ನು ಬಾಯಿಗೆ ಹಾಕುವ ವಯಸ್ಸಿನ ಮಕ್ಕಳ ಕೈಗೆ ಕೊಡಬಾರದು. ಅಂಟಂಟಾದ ಪ್ಲಾಸ್ಟಿಕ್ ಗೊಂಬೆಯನ್ನು ಬೇರೆ ಆಟಿಕೆಗಳಿಗೆ ತಾಗದಂತೆ ಪ್ರತ್ಯೇಕವಾಗಿಡಿ. ಯಾವುದನ್ನಾದರೂ ಸಂಗ್ರಹಾಲಯಕ್ಕೆ ಕೊಡುವ ಯೋಚನೆ ಇದ್ದರೆ, ಅದು ಯಾರದ್ದು, ಯಾರು ಎಲ್ಲಿ ಕೊಂಡದ್ದು, ಯಾವ ವರ್ಷಗಳಲ್ಲಿ ಯಾರು ಆಡಿದ್ದು ಎಂಬುದನ್ನು ಹಿರಿಯರನ್ನು ಕೇಳಿ ಒಂದು ಕಾಗದದಲ್ಲಿ ಬರೆದು, ಸಾಧ್ಯವಾದರೆ ಆಗಿನ ಒಂದು ಫೋಟೊವನ್ನೂ ಸೇರಿಸಿ, ವಸ್ತುವಿನ ಜೊತೆಯಲ್ಲೇ ಇಡಿ.