ವೋಟರ್ ಐಡಿ ಬಗ್ಗೆ ಬರೆದಿದ್ದಾರೆ, ಮರ್ಯಾದೆಯಿಂದ ಬರೆದಿದ್ದಾರಾ? ಹೀಗೆ ನೋಡಿ

ಚುನಾವಣೆ ಹತ್ತಿರ ಬಂತೆಂದರೆ ಮಂಡ್ಯದ ಟೀ ಅಂಗಡಿಗಳಲ್ಲಿ ರಾಜಕೀಯ ಅಂಕಣವನ್ನು ಜೋರಾಗಿ ಓದುವವರು ಒಬ್ಬರಾದರೂ ಇರುತ್ತಾರೆ. ವಿಷಯ ವೋಟರ್ ಐಡಿ ಆದರೆ ಜಗಳ ಗ್ಯಾರಂಟಿ. ಬರೆದವರು ಸಭ್ಯವಾಗಿ ಬರೆದಿದ್ದಾರಾ ಅಂತ ಅಳೆಯಲು ಒಂದು ಪೆನ್ಸಿಲ್ ಸಾಕು.

ಮೊದಲು, ದನಿ ನೋಡಿ ತೀರ್ಪು ಕೊಡಬೇಡಿ. 'ಏನ್ಲಾ ಇದು, ಬಡವನ ವೋಟು ಕಿತ್ಕೊಳ್ಳೋ ರೂಲ್ಸು!' ನಮ್ಮ ಕಡೆ ಇದು ದಿನದ ಮಾತು. ಸಿಟ್ಟು ಬಿದ್ದಿರುವುದು ರೂಲ್ಸಿನ ಮೇಲೆ.

ಎರಡನೆಯದು, ಪ್ರತಿ ವಾಕ್ಯ ಯಾರ ಮೇಲೆ ಬೀಳುತ್ತದೆ ಅಂತ ಗುರುತು ಹಾಕಿ. 'ಕಾರ್ಡ್ ತೋರಿಸಲು ಹಿಂಜರಿಯುವವರು ಯಾರು ಅಂತ ಎಲ್ಲರಿಗೂ ಗೊತ್ತಿದೆ ಬಿಡಿ' ಅನ್ನುವ ಸಾಲು ತೆಗೆದುಕೊಳ್ಳಿ. ಒಂದೂ ಕೆಟ್ಟ ಪದ ಇಲ್ಲ. ಆದರೆ ಕಬ್ಬು ಕಡಿಯಲು ಊರು ಬಿಟ್ಟವರು, ಬಾಡಿಗೆ ಮನೆ ಬದಲಿಸಿದವರು, ಎಲ್ಲರನ್ನೂ ಸುಮ್ನೆ ಕಳ್ಳರ ಸಾಲಿಗೆ ಸೇರಿಸಿಬಿಡುತ್ತದೆ. ನನ್ನ ಲೆಕ್ಕದಲ್ಲಿ ಇದೇ ಜಾಸ್ತಿ ಅಸಭ್ಯ.

ಮೂರನೆಯದು, ಎದುರಿನವರ ವಾದ. ಕಾರ್ಡ್ ಕಡ್ಡಾಯ ಅನ್ನುವವರ ಚಿಂತೆ ಕಳ್ಳವೋಟು. ಬೇಡ ಅನ್ನುವವರ ಚಿಂತೆ ಕಾಗದಪತ್ರ ಇಲ್ಲದ ಬಡವರು. ಲೇಖನ ಓದಿ ಇಬ್ಬರೂ 'ಹೌದಪ್ಪ, ನಾವು ಹೇಳೋದು ಇದೇ' ಅನ್ನಬೇಕು.

ಆಮೇಲೆ ನಿಜಾಂಶ. ಸುಳ್ಳು ಹೇಳಿ ಹೆದರಿಸುವುದೂ ಓದುಗರಿಗೆ ಮಾಡುವ ಅವಮಾನವೇ ಅಲ್ವಾ? ಭಾವಚಿತ್ರದ ಗುರುತಿನ ಚೀಟಿ ಶುರುವಾಗಿದ್ದು 1993ರಲ್ಲಿ, ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಕಾಲದಲ್ಲಿ. ಪಟ್ಟಿಯಲ್ಲಿ ಹೆಸರಿದ್ದರೆ ಮತಗಟ್ಟೆಯಲ್ಲಿ ಆ ಚೀಟಿಯೇ ಆಗಬೇಕೆಂದಿಲ್ಲ. ಆಧಾರ್, ಡ್ರೈವಿಂಗ್ ಲೈಸೆನ್ಸ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ ನಡೆಯುತ್ತವೆ. ಚೀಟಿ ಇದ್ದೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವೋಟಿಲ್ಲ. 'ಕಾರ್ಡ್ ಕಳೆದುಹೋದರೆ ಮತ ಹೋಯಿತು' ಅಂತ ಬರೆದವರಿಗೆ ಇಲ್ಲೇ ಅಂಕ ಕಳೆಯಿರಿ. ಹೊರದೇಶದ ಉದಾಹರಣೆ ಕೊಟ್ಟರೂ ಅಷ್ಟೆ: ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ, ಇಂಗ್ಲೆಂಡಿನಲ್ಲಿ ಫೋಟೊ ಗುರುತು ಕಡ್ಡಾಯವಾಗಿದ್ದು 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಿಂದ. ಎಲ್ಲ ಕಲಸಿ 'ವಿದೇಶದಲ್ಲೂ ಹೀಗೇ' ಅಂದರೆ ನಂಬಬೇಡಿ.

ಕೊನೆಗೆ ಪಕ್ಷಗಳ ಹೆಸರು ಅದಲುಬದಲು ಮಾಡಿ ಮತ್ತೊಮ್ಮೆ ಓದಿ. ಮೊದಲು ನಗು ತರಿಸಿದ ಸಾಲು ಈಗ ಚುಚ್ಚಿದರೆ ಅದಕ್ಕೂ ಗುರುತು ಹಾಕಿ. ಇನ್ನೊಂದು ಪಕ್ಷದವರ ಕೈಲೂ ಓದಿಸಿ. ಅದಕ್ಕೇನು ದೂರ ಹೋಗಬೇಕಿಲ್ಲ, ಮಂಡ್ಯದಲ್ಲಿ ಅಣ್ಣ ಒಂದು ಪಕ್ಷ, ತಮ್ಮ ಇನ್ನೊಂದು. ಇಬ್ಬರ ಗುರುತೂ ಬಿದ್ದ ಸಾಲುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.