ಮಗಳಿಗೆ ನಾರ್ವೆಯ ಅಪರೂಪದ ಹೆಸರು: ನಾವು ಆರಿಸಿದ ಬಗೆ

‘ವೈಕಿಂಗ್ ಹೆಣ್ಣುಹೆಸರುಗಳು’ ಅಂತ ಇಂಟರ್‌ನೆಟ್ಟಿನಲ್ಲಿ ಓಡಾಡುವ ಪಟ್ಟಿಗಳಿಂದ ಹುಡುಕಾಟ ಶುರು ಮಾಡಬೇಡಿ. ಚಳಿಗಾಲದ ದೇವತೆ ಸ್ಕಾಡಿಯ ಹೆಸರನ್ನು ಅವು ಮೊದಲ ಸಾಲಿನಲ್ಲೇ ಕೊಡುತ್ತವೆ. ಆದರೆ ಇವತ್ತಿನ ನಾರ್ವೇಜಿಯನ್‌ನಲ್ಲಿ ‘ಸ್ಕಾಡೆ’ ಅಂದರೆ ಗಾಯ, ಹಾನಿ. ಕಡಲ ದೇವತೆ ರಾನ್ ಅಂತಲೂ ಇರುತ್ತದೆ. ದರೋಡೆಗೂ ಅಲ್ಲಿ ‘ರಾನ್’ ಅಂತಲೇ ಹೇಳುತ್ತಾರೆ. ಇವುಗಳ ನಡುವೆ ಐನೋದಂಥ ಫಿನ್ನಿಶ್ ಹೆಸರುಗಳೂ ನುಸುಳಿರುತ್ತವೆ. ಫಿನ್ನಿಶ್ ಬೇರೆಯೇ ಭಾಷಾಕುಟುಂಬ.

ನಾವು ಶುರು ಮಾಡಿದ್ದು ನಾರ್ವೆಯ ಅಂಕಿಅಂಶ ಸಂಸ್ಥೆ ಎಸ್‌ಎಸ್‌ಬಿಯ ಹೆಸರು-ಹುಡುಕುವ ಸೌಲಭ್ಯದಿಂದ. ಹೆಸರು ಟೈಪ್ ಮಾಡಿದರೆ ಎಷ್ಟು ಜನಕ್ಕೆ ಆ ಹೆಸರಿದೆ ಅಂತ ತೋರಿಸುತ್ತದೆ. ಮೂರು ಅಥವಾ ಇನ್ನೂ ಕಡಿಮೆ ಇದ್ದರೆ ನಿಖರ ಸಂಖ್ಯೆ ಹೇಳುವುದಿಲ್ಲ. ಹೆಚ್ಚು ಉಪಯೋಗವಾಗುವುದು ಅದರ ಜೊತೆಯ ನಕ್ಷೆ: 1880ರಿಂದ ಈಚೆಗೆ ಆಯಾ ವರ್ಷ ಹುಟ್ಟಿದವರಲ್ಲಿ ಎಷ್ಟು ಪಾಲು ಜನಕ್ಕೆ ಆ ಹೆಸರಿಟ್ಟರು ಎಂಬುದು ಗೆರೆಯಾಗಿ ಕಾಣುತ್ತದೆ. ಸ್ವೀಡನ್‌ನಲ್ಲಿ ಎಸ್‌ಸಿಬಿ, ಡೆನ್ಮಾರ್ಕ್‌ನಲ್ಲಿ ಅಲ್ಲಿನ ಅಂಕಿಅಂಶ ಇಲಾಖೆ ಇಂಥದೇ ಸೌಲಭ್ಯ ಕೊಡುತ್ತವೆ.

ಗೆರೆ ಓದುವುದನ್ನು ಕಲಿಯಬೇಕು. ಬರೀ ಒಟ್ಟು ಸಂಖ್ಯೆ ನೋಡಿದರೆ ದಾರಿ ತಪ್ಪುತ್ತೀರಿ. ಗೆರ್ಡ್, ತುರಿಡ್, ಬೆರಿಟ್ ಹೆಸರಿನ ಹೆಂಗಸರು ನಾರ್ವೆಯಲ್ಲಿ ಸಾವಿರಗಟ್ಟಲೆ ಇದ್ದಾರೆ, ಆದರೆ ಬಹುತೇಕ ಎಲ್ಲರೂ ಅಜ್ಜಿಯರು. ಇಂದಿನ ಅಂಗನವಾಡಿಯಲ್ಲಿ ಆ ಹೆಸರು ಕೇಳಿಸದು. ಆಸ್ಟ್ರಿಡ್, ಇಂಗ್ರಿಡ್, ಸಿಗ್ನೆ ಬೆಂಗಳೂರಿನಲ್ಲಿ ಅಪರೂಪ, ಓಸ್ಲೋದಲ್ಲಿ ತರಗತಿಗೆ ಇಬ್ಬರು ಸಿಕ್ಕರೂ ಆಶ್ಚರ್ಯವಿಲ್ಲ. ಮುತ್ತಜ್ಜಿಯರ ಕಾಲದ ಹೆಸರುಗಳು ನೂರು ವರ್ಷದ ಆಸುಪಾಸಿನಲ್ಲಿ ಮತ್ತೆ ಚಾಲ್ತಿಗೆ ಬರುವುದು ಅಲ್ಲಿ ಎಲ್ಲರೂ ಗಮನಿಸಿರುವ ಸಂಗತಿ. ಆದ್ದರಿಂದ ನಮಗೆ ಬೇಕಿದ್ದದ್ದು ಯಾವ ಕಾಲದಲ್ಲೂ ಗೆರೆ ತುಂಬ ಮೇಲೇರದ, ಆದರೆ ಎಂದೂ ಪೂರ್ತಿ ಅಳಿಯದ ಹೆಸರು. ಅಂಥ ಹೆಸರನ್ನು ಅಲ್ಲಿನ ಜನ ಕೇಳಿದ ತಕ್ಷಣ ಹೆಣ್ಣುಹೆಸರು ಅಂತ ಗುರುತಿಸುತ್ತಾರೆ, ಕಾಗುಣಿತ ಕೇಳುವುದಿಲ್ಲ. ನನ್ನ ಮಟ್ಟಿಗೆ ಒಳ್ಳೆಯ ಅಪರೂಪ ಅಂದರೆ ಇದೇ. ಯಾರೂ ಕೇಳಿರದ ಹೆಸರಿಟ್ಟರೆ ಮಗು ಬದುಕಿಡೀ ಅದನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುತ್ತ ಇರಬೇಕಾಗುತ್ತದೆ.

ಹಳೆಯ ಹೆಸರುಗಳು ಸಾಮಾನ್ಯವಾಗಿ ಎರಡು ತುಂಡುಗಳ ಜೋಡಣೆ. ಮೊದಲ ತುಂಡು ಸಿಗ್ (ಗೆಲುವು), ಆಸ್ (ದೇವರು), ದಾಗ್ (ಹಗಲು), ತೂರ್ (ಥಾರ್ ದೇವರು); ಎರಡನೆಯದು ಹಿಲ್ಡ್ (ಕಾಳಗ), ಡಿಸ್ (ದೇವಿ), ಬೊರ್ಗ್ (ರಕ್ಷೆ), ನ್ಯೂ (ಹೊಸತು). ಎರಡನ್ನೂ ಕೂಡಿಸಿ ಒಂದು ವಾಕ್ಯದಂತೆ ಅರ್ಥ ಎಳೆಯಬಾರದು. ಮನೆತನದ ಹಿರಿಯರ ಹೆಸರಿನ ಒಂದು ತುಂಡನ್ನು ಮಗುವಿಗೆ ದಾಟಿಸುವುದು ಹಳೆಯ ಪದ್ಧತಿ. ಅರ್ಥ ಕೂಡಲೇಬೇಕೆಂಬ ಹಟ ಅದರಲ್ಲಿರಲಿಲ್ಲ.

ಹೆಚ್ಚಿನವರು ಎಡವುವುದು ಉಚ್ಚಾರದಲ್ಲಿ. ಬರಹ ನೋಡಿ ಓದಿದರೆ ತಪ್ಪೇ. ಜಿ-ಎನ್ ಒಟ್ಟಿಗೆ ಬಂದರೆ ‘ಂಗ್ನ’ ಆಗುತ್ತದೆ: ಸಿಗ್ನೆ ‘ಸಿಂಗ್ನೆ’ ಆಗುತ್ತದೆ, ದಾಗ್ನಿ ‘ದಂಗ್ನಿ’, ರಾಗ್ನಾ ‘ರಂಗ್ನಾ’. ನಾರ್ವೆಯಲ್ಲಿ ಆಸ್ಟ್ರಿಡ್, ಸಿಗ್ರಿಡ್‌ಗಳ ಕೊನೆಯ ಡಿ ಸಾಮಾನ್ಯವಾಗಿ ಮೌನ, ಸ್ವೀಡನ್‌ನಲ್ಲಿ ಕೇಳಿಸುತ್ತದೆ. ಸೋಲ್ವೈಗ್‌ನ ಕೊನೆಯ ಜಿಯನ್ನೂ ನಾರ್ವೆಯವರು ನುಡಿಯುವುದಿಲ್ಲ. ಎಚ್-ಜೆ ಜೊತೆಯಾದರೆ ಬರೀ ‘ಯ’. ನಮಗೆ ಅನುಕೂಲವಾದದ್ದೂ ಒಂದಿದೆ: ಓಸ್ಲೋ ಕಡೆಯ ಮಾತಿನಲ್ಲಿ ಆರ್-ಡಿ, ಆರ್-ಟಿ, ಆರ್-ಎನ್ ಸೇರಿದರೆ ನಮ್ಮ ಡ, ಟ, ಣಗಳ ಹತ್ತಿರ ಬರುತ್ತವೆ. ಇಂಗ್ಲಿಷಿನವರು ಒದ್ದಾಡುವ ಯೋರ್ಡಿಸ್ ಎಂಬ ಹೆಸರು ಕನ್ನಡದ ನಾಲಿಗೆಗೆ ಸಲೀಸು.

ಆಮೇಲೆ ಇನ್ನೊಂದು ದಿಕ್ಕಿನ ಜರಡಿ: ಊರಿನಲ್ಲಿ ಅದು ಹೇಗೆ ಕೇಳಿಸುತ್ತದೆ? ರಾಂಡಿ ನಾರ್ವೆಯಲ್ಲಿ ಗೌರವದ ಹೆಣ್ಣುಹೆಸರು, ಹಿಂದಿ ಬಲ್ಲವರ ಮುಂದೆ ಕರೆಯಲಾಗದು. ಮಾರಿ ಅಂದರೆ ನಮಗೆ ಮಾರಮ್ಮ. ಬಾಲ್ಡರ್ ದೇವರ ಹೆಂಡತಿ ನನ್ನಾಳ ಹೆಸರು ನನಗೆ ಬಹಳ ಇಷ್ಟ, ಆದರೆ ‘ನನ್ನ ನನ್ನಾ’ ಅಂತ ಕರೆಯುವುದು ಮನೆಯಲ್ಲೇ ತೊಡಕು. ರೂನಾ ಕೇಳಿದ ಹಿರಿಯರಿಗೆ ಋಣ ನೆನಪಾಗುತ್ತದೆ. ಆಲ್ವಾ ಸ್ವೀಡನ್ನಿನ ಚೆಂದದ ಹೆಸರು. ಮಂಗಳೂರಿನಲ್ಲಿ ಅದು ಮನೆತನದ ಹೆಸರಾಗಿ ಕೇಳಿಸುತ್ತದೆ. ವಿಭಕ್ತಿ ಪ್ರತ್ಯಯ ಹಚ್ಚಿಯೂ ನೋಡಿ. ಸ್ವರದಿಂದ ಮುಗಿಯುವ ಹೆಸರಿಗೆ ‘ಳಿಗೆ’, ‘ಳನ್ನು’ ಸಹಜವಾಗಿ ಕೂಡುತ್ತವೆ, ತೊರುನ್‌ನಂಥದಕ್ಕೆ ತಿಣುಕಬೇಕು. ಐಸ್‌ಲ್ಯಾಂಡ್‌ನಲ್ಲಿ ಈ ಪರೀಕ್ಷೆ ಕಾನೂನಿನಲ್ಲೇ ಇದೆ: ಅಲ್ಲಿನ 1996ರ ಕಾಯ್ದೆಯ ಪ್ರಕಾರ ಹೊಸ ಹೆಸರು ಐಸ್‌ಲ್ಯಾಂಡಿಕ್‌ನ ಷಷ್ಠಿ ಪ್ರತ್ಯಯ ತಾಳುವಂತಿರಬೇಕು ಅಥವಾ ರೂಢಿಯಲ್ಲಿ ನೆಲೆಯಾಗಿರಬೇಕು. ಅದನ್ನು ನಿರ್ಧರಿಸಲು ಹೆಸರುಗಳ ಸಮಿತಿಯೇ ಇದೆ.

ಕೊನೆಗೆ ಉಳಿದವು ರಾಗ್ನಾ, ಎಂಬ್ಲಾ, ಸುನ್ನಿವಾ. ಪುರಾಣದ ಮೊದಲ ಹೆಣ್ಣು ಎಂಬ್ಲಾಳ ಹೆಸರಿನ ಗೆರೆ ಈಚೆಗೆ ಏರುತ್ತಿದ್ದುದರಿಂದ ಬಿಟ್ಟೆವು. ರಾಗ್ನಾ ಬರಹಕ್ಕೂ ಮಾತಿಗೂ ಹೊಂದದೆ ಹೋಯಿತು. ಸುನ್ನಿವಾ ಸಂತಳ ಹೆಸರು, ಸೂರ್ಯನ ಕೊಡುಗೆ ಎಂಬರ್ಥದ ಹಳೆಯ ಇಂಗ್ಲಿಷ್ ಹೆಸರಿನಿಂದ ಬಂದದ್ದು. ಐರ್ಲೆಂಡಿನಿಂದ ತಪ್ಪಿಸಿಕೊಂಡು ಬಂದ ರಾಜಕುಮಾರಿ ಪಶ್ಚಿಮ ನಾರ್ವೆಯ ಸೆಲ್ಯಾ ದ್ವೀಪದ ಗುಹೆಯಲ್ಲಿ ಮಡಿದಳೆಂಬುದು ಐತಿಹ್ಯ. 1170ರಲ್ಲಿ ಅವಳ ಅವಶೇಷಗಳನ್ನು ಬೆರ್ಗೆನ್‌ಗೆ ತಂದರು. ಹಬ್ಬ ಜುಲೈ 8ಕ್ಕೆ. ಸಿನ್ನೆವೆ, ಸಿನ್ನೆ ಇದರದೇ ರೂಪಗಳು, ಹಾಗಾಗಿ ಅಲ್ಲಿನವರಿಗೆ ಕಿವಿಗೆ ಬಿದ್ದ ಹೆಸರೇ. ಕನ್ನಡದಲ್ಲಿ ‘ಸುನ್ನಿವಾ’ ಅಂತ ದೀರ್ಘ ಕೊಟ್ಟೇ ಬರೆಯಬೇಕು. ‘ಸುನ್ನಿವ’ ಅಂದರೆ ಶಿವನ ಹಾಗೆ ಗಂಡುಹೆಸರಾಗಿ ಕಾಣುತ್ತದೆ.

ನಾರ್ವೇಜಿಯನ್ ಲಿಪಿಯ ಮೂರು ವಿಶೇಷ ಅಕ್ಷರಗಳಿರುವ ಹೆಸರುಗಳನ್ನು ನಾವು ಮೊದಲೇ ಕೈಬಿಟ್ಟಿದ್ದೆವು. ಪಾಸ್‌ಪೋರ್ಟಿನ ಯಂತ್ರ ಓದುವ ಸಾಲಿನಲ್ಲಿ ತಲೆಯ ಮೇಲೆ ಸುತ್ತಿರುವ ಎ ಎರಡು ಎ ಆಗುತ್ತದೆ, ಅಡ್ಡಗೆರೆಯ ಓ ‘ಓ-ಇ’ ಆಗುತ್ತದೆ. ಭಾರತದ ಪಾಸ್‌ಪೋರ್ಟಿನಲ್ಲಿ ಅದೇ ಹೆಸರನ್ನು ಬೇರೆ ರೀತಿ ಬರೆಸಿಬಿಟ್ಟರೆ ಎರಡು ದಾಖಲೆಗಳಲ್ಲಿ ಎರಡು ಹೆಸರು. ಟಿಕೆಟ್, ವೀಸಾ ಎಲ್ಲಕ್ಕೂ ವಿವರಣೆ ಕೊಡುತ್ತ ಕೂರಬೇಕು.

ನೋಂದಣಿಗೆ ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಆರು ತಿಂಗಳ ಗಡುವು, ಸ್ವೀಡನ್‌ನಲ್ಲಿ ಮೂರೇ ತಿಂಗಳು. ಡೆನ್ಮಾರ್ಕ್‌ನಲ್ಲಿ ಒಪ್ಪಿತ ಹೆಸರುಗಳ ಪಟ್ಟಿಯಿದೆ, ಅದರಲ್ಲಿಲ್ಲದ್ದಕ್ಕೆ ಅರ್ಜಿ ಹಾಕಬೇಕು. ನಾರ್ವೆಯಲ್ಲಿ ಪಟ್ಟಿಯಿಲ್ಲ, ಮಗುವಿಗೆ ಗಂಭೀರ ತೊಂದರೆಯಾಗುವಂಥ ಹೆಸರಿಗೂ ಮೊದಲ ಹೆಸರಾಗಿ ರೂಢಿಯಿಲ್ಲದ ಮನೆತನದ ಹೆಸರಿಗೂ ತಡೆ. ಅರ್ಜಿಯಲ್ಲಿ ‘ಮೆಲ್ಲೊಮ್‌ನಾವ್ನ್’ ಅಂತ ನಡುಹೆಸರಿನ ಖಾನೆ ಇರುತ್ತದೆ. ಅದು ಮನೆತನದ ಹೆಸರುಗಳಿಗೆ ಇರುವ ಜಾಗ. ಮಗುವಿಗೆ ಎರಡನೆಯ ಹೆಸರಾಗಿ ಕನ್ನಡದ್ದೊಂದನ್ನು ಇಡುವುದಾದರೆ ಅದನ್ನು ಮೊದಲ ಹೆಸರಿನ ಖಾನೆಯಲ್ಲೇ ಸುನ್ನಿವಾ ಪಕ್ಕಕ್ಕೆ ಬರೆಯಿರಿ. ತಂದೆತಾಯಿ ಭಾರತೀಯ ನಾಗರಿಕರಾಗಿ ಉಳಿದಿದ್ದರೆ 1955ರ ಪೌರತ್ವ ಕಾಯ್ದೆಯ 4ನೇ ಕಲಮಿನಡಿ ಒಂದು ವರ್ಷದೊಳಗೆ ಮಗುವಿನ ಜನನವನ್ನು ಭಾರತದ ರಾಯಭಾರ ಕಚೇರಿಯಲ್ಲೂ ನೋಂದಾಯಿಸಬೇಕು. ಅಲ್ಲಿ ಬರೆಯುವ ಹೆಸರು ನಾರ್ವೆಯ ಜನನ ಪ್ರಮಾಣಪತ್ರಕ್ಕೆ ಅಕ್ಷರಶಃ ತಾಳೆಯಾಗಬೇಕು, ಎರಡು ಹೆಸರುಗಳ ನಡುವಿನ ಖಾಲಿ ಜಾಗವೂ ಸೇರಿ.