ಎದೆ ಡವಡವ ಅಂದಾಗ, ಪುಸ್ತಕ ಮುಟ್ಟೋಕೇ ಮನಸ್ಸಿಲ್ದಾಗ ಏನ್ ಮಾಡೋದು

ಎಕ್ಸಾಂ ಹತ್ರ ಬಂತು ಅಂದ್ರೆ ನಮ್ ಚಿಕ್ಕಮಗಳೂರಲ್ಲಿ ಪಿಯುಸಿ ಮಕ್ಕಳಿರೋ ಮನೇಲೆಲ್ಲ ಎರಡೇ ಮಾತು, ಒಂದು "ಭಯ ಆಗ್ತಿದೆ", ಇನ್ನೊಂದು "ಓದೋಕೆ ಮೂಡೇ ಇಲ್ಲ". ಇವೆರಡರ ಬಗ್ಗೆನೂ ಸೈಕಾಲಜಿಯವರು ನೂರು ವರ್ಷಕ್ಕಿಂತ ಜಾಸ್ತಿ ತಲೆ ಕೆಡಿಸ್ಕೊಂಡಿದಾರೆ, ಅದ್ರಲ್ಲಿ ಮನೇಲಿ ಬಳಸೋಕಾಗೋದನ್ನ ಮಾತ್ರ ಇಲ್ಲಿ ಬರೀತಿದೀನಿ. ಮಕ್ಕಳು ಓದಿ, ಅಪ್ಪ ಅಮ್ಮ ಅವ್ರಿಗಿಂತ ಮೊದ್ಲು ಓದಿ.

ಭಯ ಅನ್ಸಿದ ತಕ್ಷಣ ಮೈ ಏನ್ ಮಾಡ್ತಿದೆ ಅಂತ ನೋಡ್ಕೊಳಿ. ಅಂಗೈ ಬೆವರ್ತಿದ್ಯಾ, ಬಾಯಿ ಒಣಗಿದ್ಯಾ, ಎದೆ ಬಡ್ಕೋತಿದ್ಯಾ? ಮೈ ಮೊದ್ಲು ಬದಲಾಗುತ್ತೆ, ಆ ಬದಲಾವಣೆ ನಮ್ಗೆ ಗೊತ್ತಾಗೋದೇ ಭಾವನೆ ಅಂತ ಅಮೆರಿಕದ ಸೈಕಾಲಜಿಸ್ಟ್ ವಿಲಿಯಂ ಜೇಮ್ಸ್ 1884ರಲ್ಲೇ ಬರೆದ್ರು. 1927ರಲ್ಲಿ ವಾಲ್ಟರ್ ಕ್ಯಾನನ್ ಇದನ್ನ ಒಪ್ಪಲಿಲ್ಲ, ಭಯಕ್ಕೂ ಎದೆ ಬಡ್ಕೊಳುತ್ತೆ, ಕೋಪಕ್ಕೂ ಬಡ್ಕೊಳುತ್ತೆ, ಜ್ವರ ಬಂದ್ರೂ ಬಡ್ಕೊಳುತ್ತೆ, ಬರೀ ಮೈ ನೋಡಿ ಇದು ಯಾವ್ದು ಅಂತ ಗೊತ್ತಾಗಲ್ಲ ಅಂದ್ರು. ನನ್ ಪ್ರಕಾರ ಎಕ್ಸಾಂ ದಿನ ಕೆಲ್ಸಕ್ಕೆ ಬರೋದು ಕ್ಯಾನನ್ ಮಾತೇ.

ಯಾಕೆ ಅಂದ್ರೆ 1962ರಲ್ಲಿ ಶ್ಯಾಕ್ಟರ್, ಸಿಂಗರ್ ಅನ್ನೋ ಇಬ್ರು ಕಾಲೇಜ್ ಹುಡುಗರಿಗೆ ವಿಟಮಿನ್ ಅಂತ ಹೇಳಿ ಅಡ್ರಿನಲಿನ್ ಇಂಜೆಕ್ಷನ್ ಕೊಟ್ರು, ಎದೆ ಬಡ್ಕೊಳುತ್ತೆ ಅಂತ ಮೊದ್ಲೇ ಹೇಳ್ಸ್ಕೊಂಡಿದ್ದವರು ಆರಾಮಾಗಿದ್ರು, ಹೇಳ್ಸ್ಕೊಳ್ದೇ ಇದ್ದವರು ಪಕ್ಕದಲ್ಲಿ ಕೂತಿದ್ದವನು ಕುಣಿದ್ರೆ ಖುಷಿ ಅಂದ್ಕೊಂಡ್ರು, ರೇಗಾಡಿದ್ರೆ ಸಿಟ್ಟು ಅಂದ್ಕೊಂಡ್ರು. ಆಮೇಲೆ ಬೇರೆಯವರು ಮತ್ತೆ ಮಾಡಿ ನೋಡ್ದಾಗ ರಿಸಲ್ಟ್ ಇಷ್ಟು ಸ್ಪಷ್ಟವಾಗಿ ಬರ್ಲಿಲ್ಲ, ಅದನ್ನೂ ಹೇಳ್ಬಿಡ್ತೀನಿ. ಆದ್ರೂ ಮೈಗೆ ಆಗ್ತಿರೋದಕ್ಕೆ ನಾವು ಕೊಡೋ ಕಾರಣ ತಪ್ಪಿರಬಹುದು ಅನ್ನೋದು ನೆನಪಲ್ಲಿಟ್ಕೊಳೋ ವಿಷ್ಯ.

ಈಗ ನಮ್ಮೂರಿನ ಹುಡುಗನ್ನ ನೋಡಿ. ರಾತ್ರಿ ಎರಡು ಗಂಟೆ ತನಕ ಓದಿರ್ತಾನೆ, ಬೆಳಿಗ್ಗೆ ಖಾಲಿ ಹೊಟ್ಟೇಲಿ ದೊಡ್ಡ ಲೋಟದ ತುಂಬ ಸ್ಟ್ರಾಂಗ್ ಕಾಫಿ, ತಿಂಡಿ ಬೇಡ ಅಂತ ಬಿಟ್ಟು ಹೋಗೋವಾಗ ಇನ್ನೊಂದರ್ಧ ಲೋಟ, ಆಮೇಲೆ ಬಸ್ ಹಿಡಿಯೋಕೆ ಓಟ. ಹಾಲ್‌ಗೆ ಹೋಗಿ ಕೂತಾಗ ಕೈ ನಡುಗುತ್ತೆ, "ಅಯ್ಯೋ ನಂಗೆ ಎಲ್ಲ ಮರ್ತೋಯ್ತು" ಅಂತ ಅಂದ್ಕೋತಾನೆ. ಮರ್ತಿರಲ್ಲ, ಅರ್ಧ ನಡುಕ ಕಾಫಿದು! ಅದಕ್ಕೆ ಒಂದು ಚೀಟಿ ತಗೊಂಡು ಮೈಗೆ ಏನಾಗ್ತಿದೆ, ಅದಕ್ಕೆ ಬೇರೆ ಕಾರಣ ಏನಿರಬಹುದು ಅಂತ ಎರಡು ಸಾಲು ಬರೀರಿ. ನಿದ್ದೆ, ಹಸಿವು, ಕಾಫಿ, ಓಟ ಇವನ್ನೆಲ್ಲ ತೆಗೆದ್ಮೇಲೆ ಉಳಿಯೋದೇ ನಿಜವಾದ ಭಯ, ಅದು ಅಂದ್ಕೊಂಡಿದ್ದಕ್ಕಿಂತ ಚಿಕ್ಕದಿರುತ್ತೆ.

ಉಳಿದಿದ್ದನ್ನ "ಸಮಾಧಾನ, ಸಮಾಧಾನ" ಅಂತ ಒತ್ತಿ ಹಿಡೀಬೇಡಿ. 2014ರಲ್ಲಿ ಆಲಿಸನ್ ವುಡ್ ಬ್ರೂಕ್ಸ್ ಅನ್ನೋರು ಭಾಷಣ, ಹಾಡು, ಲೆಕ್ಕ ಎಲ್ಲದ್ರಲ್ಲೂ ಟೆಸ್ಟ್ ಮಾಡಿ ನೋಡಿದ್ರು, "ನಂಗೆ ಹುರುಪು ಬಂದಿದೆ" ಅನ್ನೋ ಅರ್ಥದಲ್ಲಿ ಹೇಳ್ಕೊಂಡವರು ಚೆನ್ನಾಗಿ ಮಾಡಿದ್ರು. ಬಡ್ಕೋತಿರೋ ಎದೇನ ನಿಲ್ಸೋದು ಕಷ್ಟ, ಅದಕ್ಕೆ ಹೆಸರು ಬದಲಾಯ್ಸೋದು ಸುಲಭ. ಬಾಯಿ ಬಿಟ್ಟು ಹೇಳ್ಕೊಳಿ.

ಇನ್ನು ಮೂಡು. "ತೊಂಬತ್ತು ಪರ್ಸೆಂಟ್ ತೆಗಿ, ಐಫೋನ್ ಕೊಡಿಸ್ತೀನಿ" ಅನ್ನೋದನ್ನ ದಯವಿಟ್ಟು ನಿಲ್ಸಿ, ಅದ್ರಲ್ಲೂ ಮಗು ಇಷ್ಟಪಟ್ಟು ಓದೋ ಸಬ್ಜೆಕ್ಟ್‌ಗಂತೂ ಬೇಡ್ವೇ ಬೇಡ. 1973ರಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಅವರು ಚಿತ್ರ ಬಿಡ್ಸೋದು ಅಂದ್ರೆ ಇಷ್ಟ ಇರೋ ಪುಟ್ಟ ಮಕ್ಕಳನ್ನ ಆರ್ಸಿ, ಕೆಲವ್ರಿಗೆ ಬಹುಮಾನ ಕೊಡ್ತೀವಿ ಅಂತ ಮೊದ್ಲೇ ಹೇಳಿ ಬಿಡ್ಸಿದ್ರು, ಸ್ವಲ್ಪ ದಿನ ಆದ್ಮೇಲೆ ಅದೇ ಮಕ್ಕಳು ತಾವಾಗೇ ಸ್ಕೆಚ್ ಪೆನ್ ಮುಟ್ಟೋದು ಕಮ್ಮಿ ಆಗಿತ್ತು. ಹೇಳ್ದೇ ಬಹುಮಾನ ಕೊಟ್ಟ ಮಕ್ಕಳಲ್ಲಿ ಹಾಗಾಗ್ಲಿಲ್ಲ. ಹಾಗಾಗಿ ರಿಸಲ್ಟ್ ಬಂದ್ಮೇಲೆ ಖುಷಿಗೆ ಏನಾದ್ರೂ ಕೊಡ್ಸಿ, ಮೊದ್ಲೇ ಆಸೆ ತೋರಿಸ್ಬೇಡಿ.

ಹಾಗಾದ್ರೆ ಏನ್ ಮಾಡೋದು? ಡೆಸಿ, ರಯಾನ್ ಅನ್ನೋ ಇಬ್ರು ಸೈಕಾಲಜಿಸ್ಟ್‌ಗಳು ಹೇಳೋ ಹಾಗೆ ಮನಸ್ಸು ತಾನಾಗೇ ಬರೋಕೆ ಬೇಕಾಗಿರೋದು ಮೂರು: ತಾನೇ ಆರಿಸ್ಕೊಂಡೆ ಅನ್ನೋ ಭಾವ, ನನ್ ಕೈಲಾಗುತ್ತೆ ಅನ್ನೋ ಧೈರ್ಯ, ನನ್ನೋರು ಜೊತೇಲಿದಾರೆ ಅನ್ನೋ ನಂಬಿಕೆ. ಯಾವ ಸಬ್ಜೆಕ್ಟ್ ಮೊದ್ಲು ಅಂತ ಮಕ್ಕಳೇ ಆರಿಸ್ಕೊಳ್ಲಿ, ಮೊದಲ ಲೆಕ್ಕ ಸುಲಭದ್ದಿರ್ಲಿ, ನೀವು ಟಿವಿ ಆಫ್ ಮಾಡಿ ಅದೇ ರೂಮಲ್ಲಿ ನಿಮ್ ಕೆಲ್ಸ ಮಾಡ್ಕೊಂಡು ಕೂತ್ಕೊಳಿ, ಸಾಕು. ಬೈದು ಓದ್ಸೋರಿಗೂ ಒಂದು ಮಾತು. ಯೆರ್ಕಿಸ್, ಡಾಡ್ಸನ್ 1908ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಕಷ್ಟದ ಪಾಠಕ್ಕೆ ಜೋರು ಶಾಕ್ ಕೊಟ್ರೆ ಇಲಿ ಕಲಿಯೋದು ನಿಧಾನ ಆಯ್ತು. ಇಂಟಿಗ್ರೇಷನ್ ಮಾಡ್ತಿರೋ ಮಗು ಪಕ್ಕ ನಿಂತು ಕೂಗ್ಬೇಡಿ.

ಮಕ್ಕಳಿಗೆ: "ಇವತ್ತು ಚೆನ್ನಾಗ್ ಓದ್ತೀನಿ" ಅಂತ ಬರೀಬೇಡಿ. ಪೀಟರ್ ಗೋಲ್ವಿಟ್ಸರ್ ತೋರ್ಸಿರೋ ಹಾಗೆ ಯಾವಾಗ, ಎಲ್ಲಿ, ಏನು ಅಂತ ಗಂಟು ಹಾಕಿ: "ಸಂಜೆ ಕಾಫಿ ಲೋಟ ತೊಳೆದಿಟ್ಟ ತಕ್ಷಣ ಹಾಲ್ ಟೇಬಲ್ ಮೇಲೆ ಕೆಮಿಸ್ಟ್ರಿ ತೆಗೆದು ಒಂದು ರಿಯಾಕ್ಷನ್ ಬರೀತೀನಿ". ಮೂಡಿಗೆ ಕಾಯೋದು ಬೇಡ, ಲೋಟ ತೊಳೆದಾಯ್ತಾ, ಕೂತ್ಕೊಳಿ.

ಇಷ್ಟೆಲ್ಲ ಮಾಡಿದ್ರೂ ವಾರಗಟ್ಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೋದೇ ಬೇಡ ಅನ್ಸುತ್ತೆ ಅಂದ್ರೆ ಅದು ಚೀಟಿ ಬರೆದು ಸರಿಮಾಡೋ ವಿಷ್ಯ ಅಲ್ಲ. ಟೆಲಿಮನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ನಂಬರ್ 14416, ಫ್ರೀ, ರಾತ್ರಿ ಹಗಲು ಯಾವಾಗ್ ಬೇಕಾದ್ರೂ, ಕನ್ನಡದಲ್ಲೇ ಮಾತಾಡಬಹುದು. ಮಗು ಮಾಡಲ್ಲ ಅಂದ್ರೆ ಅಪ್ಪ ಅಮ್ಮನೇ ಮಾಡಿ ಕೇಳಿ.